ಒಗೆದ ಕೌದಿಯ ಗಂಟು

ಕದ್ದು ಕೇಳುವುದು ತಪ್ಪೇ. ಆದರೆ ಹರಿಹರದ ಗಾಡಿ ತಡವಾದರೆ ನಾನೇನು ಮಾಡಲಿ? ದಾವಣಗೆರೆ ಸ್ಟೇಷನ್ನಿನಲ್ಲಿ, ನನ್ನದೇ ಬೆಂಚಿನ ಮೇಲೆ, ಇಬ್ಬರು ಓರಗಿತ್ತಿಯರು. ನಡುವೆ ಕೌದಿಯ ಗಂಟು. ಮಕ್ಕಳು ಪ್ಲಾಟ್‌ಫಾರಮ್ಮಿನ ತುಂಬ ಓಡುತ್ತಿದ್ದವು.

"ಮನೆಗೇ ನಲ್ಲಿ ಬಂದೈತೆ. ಹೊಳೆಗೆ ಕೌದಿ ಯಾಕ ತಂದೆ, ಹಾಲಮ್ಮ?" ಹಿರಿಯಾಕೆ ಕೇಳಿದಳು.

"ಬರಿಗೈಲಿ ಹೋಗಾಕೆ ನಾಚಿಕೆ ಆಗ್ತೈತೆ ಅಕ್ಕ. ಆಗೆಲ್ಲ ಕೌದಿ ಒಗೆಯಾಕೆ ಅಂದ್ರೇನೇ ಮಾವ ಬಿಡ್ತಿದ್ರು."

"ಅದು ಮರಳಿನ ಮೇಲೆ ಒಣಗೋವರೆಗೂ ನಮ್ದೇ ರಾಜ್ಯ. ರೊಟ್ಟಿ, ಶೇಂಗಾ ಚಟ್ನಿ, ಮಕ್ಕಳು ನೀರಾಗೆ."

"ನೀನು ಸೀರೆ ಎತ್ತಿಕಟ್ಟಿ ಈಜಿದ್ದು ನೆನಪೈತಾ?"

"ಮೆಲ್ಲಗೆ ಹೇಳೇ, ಯಾರಾದ್ರೂ ಕೇಳ್ಯಾರು!"

ನಾನು ಪೇಪರು ಮೇಲೆತ್ತಿಕೊಂಡೆ.

"ಆದ್ರೂ ಅಷ್ಟು ಬೇಗ ಬೇಗ ಕೌದಿ ಹೆಂಗೆ ಕೊಳೆ ಆಗ್ತಿತ್ತೋ!" ಹಿರಿಯಾಕೆಯೇ ಮುಂದುವರಿಸಿದಳು.

"ನಿಂಗೆ ಗೊತ್ತಿಲ್ವಾ? ಅತ್ತೆ ಸಾರು ಚೆಲ್ತಿದ್ರು."

"ಬೇಕಂತ್ಲೇ?"

"ಶನಿವಾರ ಸಂಜೆ ನಾನೇ ಕಣ್ಣಾರೆ ನೋಡೀನಿ. ಚೆಲ್ಲಿ, 'ಅಯ್ಯೋ, ಕೈ ಜಾರ್ತು' ಅಂತ ಮಾವಗೆ ಕೇಳೋ ಹಂಗೆ ಕೂಗ್ತಿದ್ರು."

ಹಿರಿಯಾಕೆ ನಗಲು ಹೋಗಿ ತಡೆದಳು.

"ಅತ್ತೆ ಮಾತ್ರ ಒಂದ್ಸಲನೂ ಬರ್ಲಿಲ್ಲ."

"ಮಾವಗೆ ಬಿಸಿರೊಟ್ಟಿ ಬಡಿಯೋರು ಯಾರು ಅಂತ ಉಳೀತಿದ್ರು. ಹೊಳೆ ನೋಡದೇನೇ ಹೋಗಿಬಿಟ್ರು."

ಗಾಡಿ ಬಂತು. ಹಿರಿಯಾಕೆ ಗಂಟು ಎತ್ತಿದವಳು ಮೂಸಿ ನೋಡಿದಳು.

"ಇದು ಒಗೆದಿದ್ದೇ ಐತಲ್ಲೇ! ಸೋಪಿನ ವಾಸನೆ."

"ಹೂಂ. ಅತ್ತೆ ಹೊದೀತಿದ್ದ ಕೌದಿ. ಇವತ್ತು ಬರೇ ಮರಳಿನ ಮೇಲೆ ಹಾಸೋಣ."

ಮಕ್ಕಳನ್ನು ದಬ್ಬಿಕೊಂಡು ಹತ್ತಿದರು. ಕಿಟಕಿಯ ಪಕ್ಕದ ಜಾಗಕ್ಕೆ ಮಕ್ಕಳು ಜಗಳಾಡಿದವು. ಅದು ಗಂಟಿಗೆ ಸಿಕ್ಕಿತು.