ತಿರುವಿನಲ್ಲಿ ಇಟ್ಟ ಕಲ್ಲು

ನನ್ನ ಹೆಸರು ಮತ್ತು ಮನೆ ನಂಬರನ್ನು ಮೇಲಿನ ಕಾಲಂನಲ್ಲಿ ಬರೆಸಿದ್ದೇನೆ. ವಯಸ್ಸು 46 ವರ್ಷ, ಕಸುಬು ಮರಗೆಲಸ. ರಸ್ತೆ ತಿರುಗುವಲ್ಲಿ ಎದುರಿಗೇ ಸಿಗುವ ಮನೆಯಲ್ಲಿ ಹೆಂಡತಿ ಹಾಗೂ ಎಂಟು ವರ್ಷದ ಮಗಳೊಂದಿಗೆ ಹನ್ನೆರಡು ವರ್ಷಗಳಿಂದ ವಾಸವಾಗಿದ್ದೇನೆ. ಇಂದು ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ಹೇಳಿ ಬರೆಸುವುದೇನೆಂದರೆ:

ಎಂಟು ತಿಂಗಳ ಹಿಂದೆ ಸಾಮಾನಿನ ವ್ಯಾನೊಂದು ತಿರುವು ತಪ್ಪಿ ನಮ್ಮ ಗೇಟು ಮುರಿದು ಒಳಗೆ ಬಂದು, ಮುಂದಿನ ಗೋಡೆಗೆ ನಾಲ್ಕು ಅಡಿ ದೂರದಲ್ಲಿ ನಿಂತಿತ್ತು. ಆ ಗೋಡೆಯ ಒಳಬದಿಗೆ ಮಗಳ ಮಂಚವಿದೆ. ಹಿಂದಿನ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿದರೆ ಬಾಗಿಲು ತೆರೆಯಲು ಬರುವುದಿಲ್ಲ. ತಿರುವಿನಲ್ಲಿ ತಡೆಗಂಬಿ ಹಾಕಿಸಿಕೊಡಿ ಎಂದು ರಸ್ತೆ ಕಚೇರಿಗೆ ಮೂರು ಅರ್ಜಿ ಕೊಟ್ಟೆ. ನೋಡೋಣ ಎಂದರು. ಆಮೇಲೆ ರಾತ್ರಿ ಯಾವ ಗಾಡಿ ಬಂದರೂ ನನಗೆ ಎಚ್ಚರವಾಗುತ್ತಿತ್ತು. ಅದು ತಿರುವು ದಾಟಿ ಸದ್ದು ಅಡಗುವವರೆಗೆ ಮಗ್ಗುಲು ಬದಲಿಸದೆ ಬಿದ್ದಿರುತ್ತಿದ್ದೆ.

ಹೋದ ತಿಂಗಳು, ಕೆಡವುತ್ತಿದ್ದ ಹಳೆ ಕಟ್ಟಡವೊಂದರಿಂದ ದುಂಡು ಕಲ್ಲುಕಂಬದ ತುಂಡೊಂದನ್ನು ಕೈಗಾಡಿಯಲ್ಲಿ ತಂದೆ. ಎತ್ತರ ಎರಡು ಅಡಿ, ಅಗಲ ಒಂದು ಅಡಿ. ಅದನ್ನು ನಮ್ಮ ಗೇಟಿನ ಮುಂದೆ, ಡಾಂಬರಿನ ಅಂಚಿನಿಂದ ಒಂದೂವರೆ ಅಡಿ ರಸ್ತೆಯ ಒಳಕ್ಕೇ ನಿಲ್ಲಿಸಿದೆ. ಅಂಚಿನಲ್ಲಿಟ್ಟರೆ ಗಾಡಿಗಳು ದೂರ ಸರಿಯುವುದಿಲ್ಲ ಎಂಬುದು ನನ್ನ ಲೆಕ್ಕ. ರಸ್ತೆ ಏನು ನಮ್ಮಪ್ಪನ ಮನೆ ಆಸ್ತೀನಾ ಎಂದು ಹೆಂಡತಿ ಕೇಳಿದಳು. ಇಡೋದಾದ್ರೆ ಬಿಳಿ ಬಣ್ಣನಾದ್ರೂ ಬಳೀರಿ, ನಾಲ್ಕು ಜನರ ಕಣ್ಣಿಗೆ ಕಾಣ್ಲಿ ಎಂದಳು. ಭಾನುವಾರ ಬಳಿಯುತ್ತೇನೆ ಎಂದೆ. ಬಣ್ಣದ ಡಬ್ಬಿ ಮನೆಯಲ್ಲೇ ಇತ್ತು. ನಾಲ್ಕು ಭಾನುವಾರ ಕಳೆದವು. ಈ ನಡುವೆ ತಿರುವಿನ ಬೀದಿದೀಪವೂ ಕೆಟ್ಟಿತು.

ಇದೇ ತಿಂಗಳ 12ರಂದು ಬುಧವಾರ ಬೆಳಗಿನ ಜಾವ ದೊಡ್ಡ ಸದ್ದಾಗಿ ಎಚ್ಚರವಾಯಿತು. ಗೋಡೆ ಗಡಿಯಾರದಲ್ಲಿ 2 ಗಂಟೆ 10 ನಿಮಿಷವಾಗಿತ್ತು. ಗೋಡೆಗೆ ಒರಗಿಸಿಟ್ಟ ಹಲಗೆಗಳು ಉರುಳಿದವೆಂದು ಮೊದಲು ಅಂದುಕೊಂಡೆ. ಆದರೆ ಹಾರನ್ ನಿಲ್ಲದೆ ಕೂಗುತ್ತಿತ್ತು. ಮಗಳು ಎದ್ದು ಕುಳಿತು, ಅಪ್ಪಾ ಯಾರು ಏನು ಬೀಳಿಸಿದ್ರು ಎಂದು ಕೇಳಿದಳು. ಅವಳ ತಲೆ, ಕೈಕಾಲು ಮುಟ್ಟಿ ನೋಡಿದೆ. ಗೋಡೆಯನ್ನೂ ಮುಟ್ಟಿ ನೋಡಿದೆ. ಬಾಗಿಲ ಹಿಂದಿದ್ದ ಹಾರೆ ತೆಗೆದುಕೊಂಡು ಹೊರಗೆ ಹೋದೆ.

ಬೂದು ಬಣ್ಣದ ಕಾರೊಂದು ಎದುರು ಬದಿಯ ದೀಪದ ಕಂಬಕ್ಕೆ ಗುದ್ದಿ ಅಡ್ಡಲಾಗಿ ನಿಂತಿತ್ತು. ಮುಂದಿನ ಒಂದು ಚಕ್ರ ಮುರಿದು ಒಳಕ್ಕೆ ಮಡಚಿಕೊಂಡಿತ್ತು. ನಮ್ಮ ಗೇಟಿನಿಂದ ಕಾರಿಗೆ 22 ಅಡಿ. ಮರುದಿನ ಟೇಪು ಹಿಡಿದು ಅಳೆದಿದ್ದೇನೆ. ಕಲ್ಲು ರಸ್ತೆಯ ನಡುವೆ ಉರುಳಿ ಬಿದ್ದಿತ್ತು. ಕಾರಿನ ಒಳದೀಪ ಉರಿಯುತ್ತಿದ್ದು, ಒಬ್ಬ ಮನುಷ್ಯ ಒಳಗಿನಿಂದ ಗಾಜಿಗೆ ಅಂಗೈ ಒತ್ತಿ ತೆಗೆಯುತ್ತಿದ್ದುದು ಕಂಡಿತು. ಮತ್ತೆ ಒತ್ತಿದ.

ನಾನು ಕಾರಿನ ಕಡೆ ಹೋಗಲಿಲ್ಲ. ಹಾರೆ ಕೊಟ್ಟು ಕಲ್ಲನ್ನು ಉರುಳಿಸಿಕೊಂಡು ಗೇಟಿನೊಳಕ್ಕೆ ತಂದು, ಹಲಗೆಗಳ ಹಿಂದೆ ತಳ್ಳಿ, ಮೇಲೆ ಗೋಣಿಚೀಲ ಹಾಕಿದೆ. ಹೆಂಡತಿ ಬಾಗಿಲಲ್ಲಿ ನಿಂತು, ಕಲ್ಲಿಗೇನ್ರೀ ಅವಸರ, ಮೊದ್ಲು ಆ ಮನುಷ್ಯನ್ನ ನೋಡಿ ಎಂದು ಎರಡು ಸಲ ಕೂಗಿದಳು. ಎರಡನೇ ಸಲ ಅವಳ ದನಿ ಒಡೆದಿತ್ತು. ಕಲ್ಲು ಬಚ್ಚಿಡಲು ನಾಲ್ಕು ನಿಮಿಷ ಹಿಡಿಯಿತು.

ಬಳಿಕ ಕಾರಿನ ಹತ್ತಿರ ಓಡಿ ಅದೇ ಹಾರೆಯಿಂದ ಬಾಗಿಲು ಮೀಟಿ ತೆಗೆದೆ. ಅಷ್ಟರಲ್ಲಿ ಎದುರು ಮನೆಯ ನಿವೃತ್ತ ಟೀಚರಮ್ಮ ಬಂದು ಆಂಬುಲೆನ್ಸಿಗೆ ಫೋನ್ ಮಾಡಿದರು. ಅವರ ಫೋನಿನಲ್ಲಿ ಸಮಯ 2-19 ಎಂದಿದೆ. ಚಾಲಕರಿಗೆ ಸುಮಾರು ಮೂವತ್ತು ವರ್ಷ. ಎಡಗಾಲು ಮೊಣಕಾಲ ಕೆಳಗೆ ಸಿಕ್ಕಿಕೊಂಡಿತ್ತು. ಹಿಂದೆ ಕೂತವರಿಗೆ ಏನೂ ಆಗಿಲ್ವಾ ಎಂದು ಚಾಲಕರು ಕೇಳಿದರು. ಹಿಂದಿನ ಸೀಟು ಖಾಲಿ ಇತ್ತು. ಯಾರೂ ಇಲ್ಲ ಎಂದೆ. ಮತ್ತೆ ಎರಡು ಸಲ ಅದನ್ನೇ ಕೇಳಿದರು. ನನ್ನ ಮಣಿಕಟ್ಟು ಹಿಡಿದವರು 2-34ಕ್ಕೆ ಆಂಬುಲೆನ್ಸ್ ಬರುವವರೆಗೆ ಬಿಡಲಿಲ್ಲ.

2-50ಕ್ಕೆ ಪೊಲೀಸರು ಬಂದು ಏನು ನೋಡಿದೆ ಎಂದು ವಿಚಾರಿಸಿದರು. ಮಲಗಿದ್ದೆ, ಸದ್ದಿಗೆ ಎದ್ದೆ ಎಂದಷ್ಟೇ ಹೇಳಿದೆ. ಚಾಲಕ ತೂಕಡಿಸಿರಬೇಕು ಎಂದು ಅವರು ಬರೆದುಕೊಂಡರು. ಟೀಚರಮ್ಮ ನನ್ನ ಬೆನ್ನು ತಟ್ಟಿ, ನೀವಿದ್ದದ್ದಕ್ಕೆ ಆ ಜೀವ ಉಳೀತು ಎಂದರು. ಹೆಂಡತಿ ಒಳಗೆ ಹೋದಳು.

ಅಂದಿನಿಂದ ನಾಲ್ಕು ರಾತ್ರಿ ನಾನು ಮಲಗಿಲ್ಲ. ಎದ್ದು ಗೋಣಿಚೀಲ ಸರಿಯಾಗಿದೆಯೇ ಎಂದು ನೋಡಿ ಬರುತ್ತಿದ್ದೆ. 14ರಂದು ಒಂದು ಬಾಗಿಲನ್ನು ಮೂರು ಸಲ ಅಳೆದೂ ಒಂದು ಅಂಗುಲ ಕಮ್ಮಿ ಕೊಯ್ದೆ. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಹಾಗೆ ಆಗಿರಲಿಲ್ಲ. ಇದನ್ನೂ ಬರೆಯಬೇಕೇ ಎಂದು ಬರಹಗಾರ ಪೇದೆಯವರು ಕೇಳಿದರು. ಬರೆಯಿರಿ ಎಂದೆ.

ಇಂದು 16ರ ಭಾನುವಾರ ಸಂಜೆ 4-30ಕ್ಕೆ ಆಸ್ಪತ್ರೆಗೆ ಹೋದೆ. ಚಾಲಕರ ಕಾಲಿಗೆ ಸರಳು ಹಾಕಿದ್ದರು. ಅವರ ಅಕ್ಕ ಪಕ್ಕದಲ್ಲಿದ್ದರು. ನಾನು ಯಾರೆಂದು ತಿಳಿದ ಕೂಡಲೇ ಎದ್ದು ತಮ್ಮ ಕುರ್ಚಿಯನ್ನೇ ಕೊಟ್ಟರು. ಆ ರಾತ್ರಿ ತಾನು ನಡುರಾತ್ರಿಗೆ ಪಾಳಿ ಮುಗಿಸಿದ ದಾದಿಯರನ್ನು ಮನೆಗಳಿಗೆ ಬಿಟ್ಟು ವಾಪಸು ಬರುತ್ತಿದ್ದೆನೆಂದೂ, ಒಂಬತ್ತು ವರ್ಷದಲ್ಲಿ ಒಂದು ಗೀರೂ ಮಾಡಿರಲಿಲ್ಲವೆಂದೂ, ಇನ್ನು ಬರಬೇಡವೆಂದು ಕಾರಿನ ಮಾಲೀಕರು ಹೇಳಿ ಕಳಿಸಿದ್ದಾರೆಂದೂ ಚಾಲಕರು ತಿಳಿಸಿದರು. "ಹೇಗೆ ಗುದ್ದಿತು ಅಂತ ನನಗೆ ನೆನಪೇ ಇಲ್ಲ. ನಿದ್ದೆ ಬಂದಿರ್ಬೇಕು ಅಣ್ಣಾ. ಇಲ್ಲಾಂದ್ರೆ ಖಾಲಿ ರಸ್ತೇಲಿ ಹೇಗೆ ಗುದ್ತೀನಿ? ಹಿಂದೆ ಆ ಹೆಣ್ಣುಮಕ್ಕಳು ಕೂತಿದ್ದಾಗ ಹೀಗಾಗಿದ್ರೆ? ಅದನ್ನ ನೆನೆಸಿಕೊಂಡ್ರೆ ಕಣ್ಣು ಮುಚ್ಚೋಕೇ ಭಯ" ಎಂದರು. ಇನ್ನು ಮೇಲೆ ಸ್ಟೀರಿಂಗ್ ಮುಟ್ಟುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟಿದ್ದರಂತೆ.

ರಸ್ತೆ ಖಾಲಿ ಇರಲಿಲ್ಲ ಎಂದು ನಾನು ಹೇಳಿದೆ. ಕಲ್ಲು ತಂದದ್ದು, ಇಟ್ಟದ್ದು, ಬಚ್ಚಿಟ್ಟದ್ದು ಎಲ್ಲವನ್ನೂ ಹೇಳಿದೆ. ನಾನು ಗಾಜು ಬಡೀತಿದ್ದದ್ದು ನಿಮಗೆ ಕಾಣಿಸ್ತಾ ಎಂದು ಅವರು ಕೇಳಿದರು. ಕಾಣಿಸಿತು ಎಂದೆ. ಎಷ್ಟು ಹೊತ್ತು ಎಂದರು. ನಾಲ್ಕು ನಿಮಿಷ ಎಂದೆ. ಅವರು ಮುಖ ಆ ಕಡೆ ತಿರುಗಿಸಿದರು. ಆ ಕಡೆ ನೋಡುತ್ತಲೇ, "ಹಾಗಾದ್ರೆ ನಾನು ನಿದ್ದೆ ಮಾಡಿರ್ಲಿಲ್ಲ. ಅಕ್ಕಾ, ಕೇಳಿಸ್ತಾ? ನಾನು ನಿದ್ದೆ ಮಾಡಿರ್ಲಿಲ್ಲ" ಎಂದು ಅತ್ತರು. ಅಕ್ಕ ನನಗೆ ಕುರ್ಚಿ ಬಿಟ್ಟು ಏಳುವಂತೆ ಹೇಳಿ, ಇಲ್ಲಿ ಹೇಳಿದ್ದನ್ನ ಠಾಣೇಲಿ ಹೇಳಿ, ನೀವು ಹೋಗದಿದ್ರೆ ನಾನೇ ಹೋಗ್ತೀನಿ ಎಂದರು. ಆಸ್ಪತ್ರೆಯಿಂದ ಠಾಣೆಗೆ ನಡೆದು 6-05ಕ್ಕೆ ಬಂದಿದ್ದೇನೆ.

ಕಲ್ಲು ಈಗಲೂ ನಮ್ಮ ಅಂಗಳದಲ್ಲಿ ಹಲಗೆಗಳ ಹಿಂದೆ ಇದೆ. ಅದರ ಒಂದು ಮಗ್ಗುಲಿಗೆ ಕಾರಿನ ಬೂದು ಬಣ್ಣ ಹತ್ತಿದೆ. ಅದನ್ನು ವಶಕ್ಕೆ ಪಡೆಯಬೇಕು ಮತ್ತು ಚಾಲಕರು ತೂಕಡಿಸಿದರೆಂದು ಬರೆದಿರುವುದನ್ನು ತಿದ್ದಬೇಕು ಎಂದು ಕೋರುತ್ತೇನೆ. ನನ್ನ ಮೇಲೆ ಯಾವ ಕ್ರಮವಾದರೂ ಒಪ್ಪುತ್ತೇನೆ.

ಈ ಹೇಳಿಕೆಯನ್ನು ಪೇದೆಯವರು ನನಗೆ ಓದಿ ಹೇಳಿದರು. ಅದರಲ್ಲಿ "ಗಾಬರಿಯಿಂದ ಕಲ್ಲನ್ನು ಉರುಳಿಸಿಕೊಂಡು" ಎಂದಿತ್ತು. ಹಾಗೆ ಬರೆದರೆ ನಿಮಗೇ ಒಳ್ಳೇದು ಎಂದು ಅವರು ಮೆಲ್ಲಗೆ ಹೇಳಿದರು. ಗಾಬರಿಯಿಂದ ಎಂಬ ಮಾತನ್ನು ಹೊಡೆದುಹಾಕಿಸಿದ್ದೇನೆ. ಏನು ಮಾಡುತ್ತಿದ್ದೇನೆಂದು ನನಗೆ ಗೊತ್ತಿತ್ತು. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಠಾಣೆ, ಬರಹಗಾರರ ಕೋಣೆ
ದಿನಾಂಕ: 16, ರಾತ್ರಿ 7-40

ಹೇಳಿಕೆ ಕೊಟ್ಟವರ ಸಹಿ
(ಹೊಡೆದುಹಾಕಿದ ಒಂದು ಪದದ ಪಕ್ಕದಲ್ಲೂ ಸಹಿ ಮಾಡಿದ್ದೇನೆ)