ಎಡಗೆನ್ನೆ, ಬಲಗೆನ್ನೆ, ಹಣೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಮೂವತ್ತು ವರ್ಷ ನನ್ನ ಸಿಡಿಮಿಡಿ ಸಹಿಸಿಕೊಂಡ ಪ್ರಯೋಗಾಲಯದ ಗೆಳೆಯರೇ, ಊಟಕ್ಕೆ ಮುಂಚಿನ ಕೊನೆಯ ಭಾಷಣ ಇದೇ ಎಂಬ ಭರವಸೆಯಲ್ಲಿ ಕುಳಿತಿರುವ ಸಭಿಕರೇ,

ಮೊಡವೆಗೆ ಹಚ್ಚುವ ಒಂದು ಮುಲಾಮಿಗಾಗಿ ನನ್ನನ್ನು ಇಂದು ಸನ್ಮಾನಿಸಿದ್ದೀರಿ. ಮೊಡವೆ ಯಾವ ದೊಡ್ಡ ಕಾಯಿಲೆ ಎಂದು ನಗುವವರಿದ್ದಾರೆ. ಅವರಿಗೆ ತಮ್ಮ ಹದಿನಾರನೇ ವಯಸ್ಸು ಮರೆತುಹೋಗಿದೆ, ಅಷ್ಟೆ.

ನಾವು ಮಾಡಿದ್ದಾದರೂ ಏನು? ಚರ್ಮ ಹೊರಗಿನದನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಹಚ್ಚಿದ ಔಷಧಿ ಮೇಲೇ ಉಳಿದು ಉರಿ ಎಬ್ಬಿಸುತ್ತದೆ. ಅದನ್ನು ಕಣ್ಣಿಗೆ ಕಾಣದ ನ್ಯಾನೋ ಕಣಗಳಲ್ಲಿ ತುಂಬಿ, ಕೂದಲ ಬುಡದ ರಂಧ್ರಕ್ಕೆ ಇಳಿಸಿ, ಅಲ್ಲೇ ನಿಧಾನವಾಗಿ ಹೊರಬರುವಂತೆ ಮಾಡಿದೆವು. ಮೊದಲ ಆರು ವರ್ಷ, ಪ್ರಯೋಗಕ್ಕಿಟ್ಟ ಚರ್ಮದ ತುಂಡನ್ನು ಔಷಧಿ ದಾಟಿ ಆಚೆ ಬಂದಾಗಲೆಲ್ಲ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಮೊಡವೆ ಇರುವುದು ಆಚೆಯಲ್ಲ, ದಾರಿಯಲ್ಲೇ, ಚರ್ಮದೊಳಗೇ ಎಂಬುದು ಹೊಳೆಯಲೇ ಇಲ್ಲ!

ಹೊಳೆಯದೇ ಹೋದದ್ದು ಅದೊಂದೇ ಅಲ್ಲ. ಮಗಳಿಗೆ ಆಗ ಹದಿನಾರು. ಔಷಧಿಯ ಪರೀಕ್ಷೆಯಲ್ಲಿ ಮೊಡವೆಗಳನ್ನು ಎಣಿಸುವುದು ಕ್ರಮ. ಕಣ್ಣು ಪಳಗಬೇಕಲ್ಲ? ಪ್ರತಿ ಭಾನುವಾರ ಅವಳನ್ನು ಕಿಟಕಿಯ ಬಳಿ ಕೂರಿಸಿ, ಭೂತಗನ್ನಡಿ ಹಿಡಿದು ಎಣಿಸುತ್ತಿದ್ದೆ. ಎಡಗೆನ್ನೆ ಹನ್ನೊಂದು, ಬಲಗೆನ್ನೆ ಹದಿನಾಲ್ಕು. ಅನುಮತಿ ಸಿಗದ ಮುಲಾಮನ್ನು ಅವಳಿಗೆ ಹಚ್ಚಲಿಲ್ಲ, ಅಷ್ಟು ವಿವೇಕವಿತ್ತು. ಒಂದು ಭಾನುವಾರ ಅವಳು ಮುಖ ಬಿಡಿಸಿಕೊಂಡು, "ಅಮ್ಮಾ, ನೀನು ನನ್ನ ನೋಡೋದೇ ಇಲ್ಲ, ಎಣಿಸ್ತೀಯ ಅಷ್ಟೆ" ಎಂದಳು.

ನಾನೇನು ಹೇಳಿದೆ ಗೊತ್ತೇ? "ಅಲ್ಲಾಡ್ಬೇಡ ಕಣೇ, ಎಣಿಕೆ ತಪ್ಪಿಹೋಯ್ತು." ಮತ್ತೆ ಒಂದರಿಂದ ಶುರು ಮಾಡಿದೆ.

ಮುಲಾಮು ಅಂಗಡಿಗೆ ಬರುವ ಹೊತ್ತಿಗೆ ಅವಳ ಮೊಡವೆ ತಾನಾಗಿಯೇ ಹೋಗಿತ್ತು. ಈಗ ಮೊಮ್ಮಗಳಿಗೆ ಹದಿಮೂರು. ಹಣೆ ತುಂಬ ಮೊಡವೆ, ಶಾಲೆಗೆ ಹೋಗಲ್ಲ ಎಂದು ಹಟ. ಮೊನ್ನೆ ಮಗಳು ಫೋನ್ ಮಾಡಿದಳು: "ನನಗೂ ಹೀಗೇ ಇತ್ತು ಅಂದ್ರೆ ಅವಳು ನಂಬ್ತಿಲ್ಲ. ಆಗಿನದೊಂದು ಫೋಟೋ ಕಳಿಸಮ್ಮ."

ಹುಡುಕಿದೆ. ಎಣಿಸಿದ ಮೇಲೆ ತೆಗೆದಿಟ್ಟ ಫೋಟೋಗಳು ನೂರಾ ನಾಲ್ಕಿವೆ, ದಿನಾಂಕ ಸಮೇತ. ಎಡಗೆನ್ನೆ, ಬಲಗೆನ್ನೆ, ಹಣೆ. ಇಡೀ ಮುಖ ಒಂದರಲ್ಲೂ ಇಲ್ಲ. ನನಗೆ ನಾಚಿಕೆಯಾಯಿತು, ಸಭಿಕರೇ. ಏನೂ ಕಳಿಸಲಿಲ್ಲ.

ನಮ್ಮ ಸಂಸ್ಥೆಯ ವಾರ್ಷಿಕೋತ್ಸವಗಳಿಗೆ ಅವಳು ನನ್ನ ಜೊತೆ ಬರುತ್ತಿದ್ದಳು. ನಿಮ್ಮ ಯಾರದಾದರೂ ಹಳೆಯ ಆಲ್ಬಮ್ಮಿನಲ್ಲಿ, ಗುಂಪಿನ ಹಿಂದೆ, ಕೆನ್ನೆಗೆ ಕೈ ಅಡ್ಡ ಹಿಡಿದು ನಿಂತ ಹುಡುಗಿ ಕಂಡರೆ ಅವಳು ನನ್ನ ಮಗಳು. ದಯವಿಟ್ಟು ನನಗೊಂದು ಪ್ರತಿ ಕೊಡಿ. ಮೊಮ್ಮಗಳಿಗೆ ಕಳಿಸುವ ಮುಂಚೆ ನಾನೂ ಒಮ್ಮೆ ಆ ಹುಡುಗಿಯನ್ನು ನೋಡಬೇಕು.

ಇಷ್ಟು ಕೇಳಿಕೊಳ್ಳಲು ಅವಕಾಶ ಕೊಟ್ಟ ನಿಮಗೆಲ್ಲ ಕೃತಜ್ಞಳು. ನಮಸ್ಕಾರ.