ಟೀಚರು ಕಾಯುತ್ತಿದ್ದ ಹೊತ್ತು

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಕೆನ್ನೆ ಹಿಡಿದು ಕೂತಿದ್ದ ಕಂಡಕ್ಟರನ ಕಿವಿ ಮಾತ್ರ ಪಕ್ಕದ ಬೆಂಚಿನಲ್ಲಿತ್ತು. ಅಲ್ಲಿದ್ದವರು ಒಬ್ಬ ಟೀಚರಮ್ಮ, ಬಾಯಿ ಊದಿದ ಅವರ ತಮ್ಮ.

“ಅಕ್ಕಾ, ನಿನ್ನ ಪಾಠದ ವಿಡಿಯೋದಲ್ಲಿ ಪ್ರಶ್ನೆ ಕೇಳಿ ಸುಮ್ನೆ ನಿಂತುಬಿಡ್ತೀಯಲ್ಲ, ಅದನ್ನೆಲ್ಲ ಕತ್ತರಿಸಿಬಿಟ್ಟಿದ್ದೆ.”

“ಯಾಕೋ?”

“ಕ್ಯಾಮೆರಾ ಏನು ಉತ್ತರ ಹೇಳುತ್ತಾ?”

“ಕ್ಲಾಸಿನ ಅಭ್ಯಾಸ ಕಣೋ, ಬಿಡಲ್ಲ.”

“ನಿನ್ನೆ ಇಸ್ತ್ರಿ ಅಂಗಡಿಯವರೊಬ್ಬರು ವಿಡಿಯೋ ಕೆಳಗೆ ಮಗಳ ಕೈಲಿ ಬರೆಸಿದ್ದಾರೆ. ಶಾಲೆ ಮೆಟ್ಟಿಲೇ ಹತ್ತದವರಂತೆ.”

“ಏನಂತೆ?”

“‘ಟೀಚರ್, ಮೊದಲೆಲ್ಲ ನಾನು ಉತ್ತರ ಹೇಳೋ ತನಕ ಕಾಯ್ತಿದ್ರಿ. ಈಗ ಕಾಯಲ್ಲ. ನಾನೇನಾದ್ರೂ ತಪ್ಪು ಹೇಳಿದ್ನಾ?’ ಅಂತ.”

ಅಷ್ಟರಲ್ಲಿ ಒಳಗಿಂದ ಕರೆ ಬಂತು.

“ಏಳು. ಮನೆಗೆ ಹೋದ ತಕ್ಷಣ ಅದನ್ನೆಲ್ಲ ವಾಪಸ್ ಸೇರಿಸು.”

“ರಾತ್ರಿನೇ ಸೇರಿಸಿದೆ, ಅಕ್ಕಾ. ಇನ್ನೂ ಸ್ವಲ್ಪ ಜಾಸ್ತೀನೇ.”